ಮಡಚಿದ ಸೈಕಲ್ ಲಗೇಜ್ ಅಲ್ವೇನ್ರಿ?

ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ದಿನ ರಜೆ ಸಿಕ್ಕರೆ ಮೊದಲು ಕೇಳೋ ಪ್ರಶ್ನೆ, 'ಯಾರ ಹತ್ರ ಬೈಕ್ ಇದೆ?' ಎಲ್ಲಿಗೆ ಹೋಗೋದು ಅನ್ನೋದು ಆಮೇಲಿನ ಮಾತು. ಒಂದು ಬೈಕಿಗೆ ಮೂರು ಜನ, ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗಾಗೋದ್ರೊಳಗೆ ಮುಟ್ಟಬೇಕು ಅನ್ನೋ ಹಟ. ಕಬ್ಬಿನ ಸೀಜನ್ನಿನಲ್ಲಿ ನಮ್ಮ ರಸ್ತೆಗಳಲ್ಲಿ ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರಾಲಿಗಳು ಹೇಗೆ ಹೋಗ್ತವೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹಾಸ್ಟೆಲಿನಲ್ಲಿ ಇಂಥ ಟ್ರಿಪ್ಪಿನದೊಂದು ಕಥೆ ಇದೆ. ಸೀನಿಯರುಗಳು ಅದನ್ನು ಅರ್ಧಕ್ಕೇ ನಿಲ್ಲಿಸಿ ಬೇರೆ ಮಾತಿಗೆ ಹೋಗ್ತಾರೆ.

ಹೋದ ಡಿಸೆಂಬರಿನಲ್ಲಿ ನಾವಿಬ್ಬರು ಕಲಬುರಗಿಯಿಂದ ಬೀದರ್ ಕಡೆ ಹೋಗೋ ಡೆಮು ಗಾಡಿ ಹತ್ತಿದೆವು. ಜೊತೆಗೆ ಎರಡು ಸೆಕೆಂಡ್ ಹ್ಯಾಂಡ್ ಮಡಚುವ ಸೈಕಲ್, ಒಂದು ಟೆಂಟು. ಕಲಬುರಗಿ–ಬೀದರ್ ಲೈನು ಪೂರ್ತಿಯಾಗಿ ಶುರುವಾದದ್ದು 29 ಅಕ್ಟೋಬರ್ 2017ರಂದು. ಅದಕ್ಕೂ ಮುಂಚೆ ರೈಲಿನಲ್ಲಿ ಬೀದರ್‌ಗೆ ಹೋಗಬೇಕಂದ್ರೆ ವಾಡಿ, ವಿಕಾರಾಬಾದ್ ಸುತ್ತಿಕೊಂಡು ಹೋಗಬೇಕಿತ್ತು. ಈಗ ಕಮಲಾಪುರ ದಾಟಿ, ಮರಗುತ್ತಿಯ ಸುರಂಗ ಹೊಕ್ಕು ಹೊರಬಂದು, ಹುಮ್ನಾಬಾದ್ ಆದ ಮೇಲೆ ಹಳ್ಳಿಖೇಡ. ಇಷ್ಟು ಹತ್ತಿರ ಇದ್ದರೂ ನಮ್ಮ ಕ್ಲಾಸಿನಲ್ಲಿ ಗೋವಾ ನೋಡಿದವರು ನಲವತ್ತು ಜನ ಇದ್ದರೆ, ಹಳ್ಳಿಖೇಡದಲ್ಲಿ ಇಳಿದವರು ಒಬ್ಬರೂ ಇಲ್ಲ.

ಊರಿನ ಹೆಸರಿನ ಮುಂದಿರೋ '(ಬಿ)' ಏನು ಅಂತ ಗಾಡಿಯಲ್ಲೇ ವಾದ ಆಯ್ತು. ಒಬ್ಬ 'ಬೀದರ್' ಅಂದ. ಅಲ್ಲ, ಅದು 'ಬುಜುರ್ಗ್', ಅಂದ್ರೆ ಹಿರಿದು, ದೊಡ್ಡದು. ಖುರ್ದ್, ಅಂದ್ರೆ ಚಿಕ್ಕದು, ಅನ್ನೋ 'ಕೆ' ಹಚ್ಚಿಕೊಂಡ ಊರುಗಳೂ ಇವೆ. ನಿಜಾಮರ ಕಾಲದ ಕಾಗದಪತ್ರದ ಭಾಷೆ ಇನ್ನೂ ನಮ್ಮ ಸ್ಟೇಷನ್ ಬೋರ್ಡಿನ ಮೇಲೆ ಕೂತಿದೆ. ಇದು ನಮ್ಮ ವಿಷಯ ಅಲ್ಲ, ಆದರೂ ಹೇಳಬೇಕು ಅನ್ನಿಸಿತು.

ವಿಷಯ ಇದು: ರೈಲು ಬಂತು, ಆದರೆ ಸ್ಟೇಷನ್ನಿನಿಂದ ಮುಂದಿನ ಹತ್ತು ಹದಿನೈದು ಕಿಲೋಮೀಟರ್ ಹಾಗೇ ಉಳೀತು. ಗಾಡಿ ಇಳಿದ ಮೇಲೆ ಆಟೋ ಕಾಯಬೇಕು, ತುಂಬೋವರೆಗೂ ಅದು ಬಿಡೋದಿಲ್ಲ. ನಾವು ಚೀಲ ಬಿಚ್ಚಿ, ಹ್ಯಾಂಡಲ್ ಎತ್ತಿ, ನಡುವಿನ ಕೀಲು ಸೇರಿಸಿ ಲಿವರ್ ಒತ್ತಿದೆವು. ಮೊದಲ ಸಲ ನಾಲ್ಕು ನಿಮಿಷ ಹಿಡೀತು. ಸುತ್ತ ನಿಂತ ಹುಡುಗರು ಸರ್ಕಸ್ ನೋಡಿದ ಹಾಗೆ ನೋಡಿದರು.

ಟೆಂಟ್ ಹಾಕೋದು ಎಲ್ಲಿ ಅಂತ ಹಲವರು ಕೇಳಿದ್ದಾರೆ. ಈ ಕಡೆ ಹಣ ಕೊಟ್ಟು ಇಳಿಯೋ ಕ್ಯಾಂಪಿಂಗ್ ಜಾಗ ನಮಗೆ ಸಿಗಲಿಲ್ಲ. ಎಲ್ಲಾ ಹೊಲಕ್ಕೂ ಒಬ್ಬ ಯಜಮಾನ ಇರ್ತಾನೆ, ಅವನನ್ನ ಕೇಳಬೇಕು, ಅಷ್ಟೇ. ಕಬ್ಬಿನ ಹೊಲದ ಬದುವಿನ ಹತ್ತಿರ ನಾವು ಗೂಟ ಹೊಡೀತಿದ್ದಾಗ ಒಬ್ಬ ಅಜ್ಜ ಬಂದು ನಿಂತ.

'ಏ ತಮ್ಮಾ, ಕಬ್ಬಿನ ಮಗ್ಗಲಾಗ ಮಲಗಬ್ಯಾಡ್ರೋ, ರಾತ್ರಿ ಹಂದಿ ಬರ್ತಾವ. ಕಣದಾಗ ಹಾಕ್ರಿ ನಿಮ್ಮ ಡೇರೆ.'

ತೊಗರಿ ರಾಶಿ ಮಾಡೋ ಕಣ ಅದು, ಸಾರಿಸಿ ಸಪಾಟಾಗಿತ್ತು. ಕತ್ತಲಾದ ಮೇಲೆ ಅವರ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಂತು. ನಾವು ತಂದಿದ್ದ ಮ್ಯಾಗಿ ಪೊಟ್ಟಣ ಹಾಗೇ ಉಳೀತು. ಬೀದರ್ ಸೀಮೆಯ ಡಿಸೆಂಬರ್ ಚಳಿ ಮಾತ್ರ ನಮ್ಮ ಅಂದಾಜಿಗೆ ಮೀರಿತ್ತು. ಎರಡು ಗಂಟೆಗೆ ಎದ್ದು ಇದ್ದಬದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡೆವು, ಸೈಕಲ್ ಮುಚ್ಚೋ ಚೀಲವನ್ನೂ ಹೊದ್ದುಕೊಂಡೆವು.

ಮರುದಿನ ಜಲಸಂಗಿ. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತಿರೋ ಶಿಲಾಬಾಲಿಕೆ ಇದ್ದಾಳೆ. ಬರೆದಿರೋದು ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಆ ರಾಜ ಆಳಿದ್ದು ಕಲ್ಯಾಣದಿಂದ, ಅಂದ್ರೆ ಇವತ್ತಿನ ಬಸವಕಲ್ಯಾಣದಿಂದ. ಅಲ್ಲಿಗೂ ತುಳಿದುಕೊಂಡೇ ಹೋಗೋಣ ಅಂತ ಹೊರಟವರು ಹುಮ್ನಾಬಾದಿನಲ್ಲಿ ಹೆದ್ದಾರಿ 65ರ ಲಾರಿಗಳನ್ನ ನೋಡಿ ಸುಮ್ಮನಾದೆವು. ಸೈಕಲ್ ಮಡಚಿ ಬಸ್ಸಿನ ಡಿಕ್ಕಿಗೆ ಹಾಕಿದೆವು. ಬೈಕಿನಲ್ಲಿ ಬಂದಿದ್ದರೆ ಹೀಗೆ ಮನಸ್ಸು ಬದಲಾಯಿಸೋಕೆ ಆಗ್ತಿತ್ತಾ? ಹೆದರಿಕೆ ಆದಲ್ಲಿ ಮಡಚಿಟ್ಟು ಬಸ್ ಹತ್ತಬಹುದು ಅನ್ನೋದೇ ಈ ಸೈಕಲ್ಲಿನಲ್ಲಿ ನಮಗೆ ಹಿಡಿಸಿದ ಗುಣ.

ವಾಪಸ್ ಬರುವಾಗ ಟಿಸಿ ಚೀಲ ನೋಡಿ 'ಏನಿದು?' ಅಂದರು. ನಾವು ಜಂಬದಿಂದ 'ಸೈಕಲ್ ಸರ್' ಅಂದೆವು. ಸೈಕಲ್ ಆದರೆ ಒಳಗೆ ತರೋ ಹಾಗಿಲ್ಲ, ಬುಕ್ ಮಾಡಿ ಲಗೇಜ್ ವ್ಯಾನಿಗೆ ಹಾಕಬೇಕು ಅಂದರು. ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, 'ಮುಂದಿನ ಸಲ ಬ್ಯಾಗ್ ಅನ್ರಿ' ಅಂತ ಹೇಳಿ ಮುಂದೆ ಹೋದರು.

ತಪ್ಪು ಅವರದಲ್ಲ. ರೈಲ್ವೆಯ ನಿಯಮದಲ್ಲಿ ಸೆಕೆಂಡ್ ಕ್ಲಾಸಿನವರು 35 ಕೆಜಿ ಸಾಮಾನು ಪುಕ್ಕಟೆ ಒಯ್ಯಬಹುದು; ಟ್ರಂಕಿನ ಅಳತೆ 100 × 60 × 25 ಸೆಂಟಿಮೀಟರ್ ಮೀರಬಾರದು. ಆದರೆ ಸ್ಕೂಟರ್, ಸೈಕಲ್ಲಿಗೆ ಈ ಪುಕ್ಕಟೆ ಲೆಕ್ಕ ಇಲ್ಲ. ಮಡಚಿದ್ದೋ ಮಡಚದ್ದೋ ಅನ್ನೋ ಭೇದ ಅಲ್ಲಿ ಕಾಣೋದಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸೈಕಲ್ ಮಡಚಿದರೆ ಸುಮಾರು 58.5 × 56.5 × 27 ಸೆಂಟಿಮೀಟರ್, ಅಂದ್ರೆ 89 ಲೀಟರ್. ನಿಯಮ ಒಪ್ಪುವ ಟ್ರಂಕು 150 ಲೀಟರ್! 150 ಲೀಟರಿನ ಟ್ರಂಕು ಒಳಗೆ ಬರಬಹುದು, 89 ಲೀಟರಿನ ಸೈಕಲ್ ಬರಬಾರದು. (ಬ್ರಾಂಪ್ಟನ್ ನಮ್ಮ ಕೈಗೆ ಎಟುಕೋದಲ್ಲ, ಉದಾಹರಣೆಗೆ ಹೇಳಿದ್ದು. ನಮ್ಮವು 20 ಇಂಚಿನ ಚಕ್ರದವು, ಮಡಚಿದರೂ ಟ್ರಂಕಿಗಿಂತ ದಪ್ಪ, ಒಪ್ಪಿಕೊಳ್ತೀವಿ.)

ಬೆಂಗಳೂರಿನ ನಮ್ಮ ಮೆಟ್ರೋ 2021ರಲ್ಲಿ ಮಡಚುವ ಸೈಕಲ್ಲಿಗೆ ಒಪ್ಪಿಗೆ ಕೊಟ್ಟಿತು: 15 ಕೆಜಿ ಒಳಗೆ, ಅಳತೆ 60 × 45 × 25. ಒಳ್ಳೆಯ ಹೆಜ್ಜೆ. ಆದರೆ 20 ಇಂಚಿನ ಚಕ್ರ ಟಯರ್ ಸೇರಿ ಸುಮಾರು 50 ಸೆಂಟಿಮೀಟರ್ ಆಗುತ್ತೆ. ಇಡೀ ಸೈಕಲ್ ಬಿಡಿ, ಚಕ್ರವೊಂದೇ 45ರಲ್ಲಿ ನೆಟ್ಟಗೆ ಕೂರೋದಿಲ್ಲ. ಜಪಾನಿನ ರೈಲುಗಳ ಪದ್ಧತಿ ನೋಡಿ. ಸೈಕಲ್ ಮಡಚಿಯೋ ಬಿಚ್ಚಿಯೋ ಪೂರ್ತಿ ಚೀಲದೊಳಗೆ ಹಾಕಬೇಕು. ಉದ್ದ, ಅಗಲ, ಎತ್ತರ ಕೂಡಿಸಿದರೆ 250 ಸೆಂಟಿಮೀಟರ್ ಒಳಗಿರಬೇಕು, ತೂಕ 30 ಕೆಜಿ ಒಳಗೆ. ಆಮೇಲೆ ಅದು ಬರೀ ಸಾಮಾನು. ನಮಗೆ ಬೇಕಿರೋದೂ ಇಷ್ಟೇ: ಅಳತೆ ಹೇಳಿ, ಟೇಪು ಹಿಡೀರಿ, ಒಳಗೇನಿದೆ ಅಂತ ಕೇಳಬೇಡಿ. ಸುಳ್ಳು ಹೇಳಿ 'ಬ್ಯಾಗ್' ಅನ್ನೋದು ಕಷ್ಟವೇನಲ್ಲ. ಆದರೆ ಒಳ್ಳೆಯ ಟಿಸಿ ಸಿಕ್ಕಾಗ ಮಾತ್ರ ನಡೆಯೋದನ್ನ ನಂಬಿಕೊಂಡು ಜೂನಿಯರುಗಳನ್ನ ಕರೆದುಕೊಂಡು ಹೋಗೋದು ಹೇಗೆ?

ರಶ್ ಗಾಡಿಯಲ್ಲಿ ಸೈಕಲ್ ತಂದರೆ ಬೇರೆಯವರಿಗೆ ತೊಂದರೆ ಅಲ್ವಾ ಅಂದ್ರೆ, ಹೌದು, ತೊಂದರೆಯೇ. ಹಬ್ಬದ ದಿನ ನಾವೂ ಒಯ್ಯೋದಿಲ್ಲ.

ರೈಲ್ವೆಗೆ ಕೊಡೋ ಅರ್ಜಿಯನ್ನ ಅಳತೆಯ ಚಿತ್ರದ ಸಮೇತ ಕನ್ನಡದಲ್ಲೇ ಬರೆದಿಟ್ಟಿದ್ದೇವೆ. ಸಹಿ ಹಾಕೋರು ಮೆಕ್ಯಾನಿಕಲ್ ಬ್ಲಾಕಿನ ನೋಟಿಸ್ ಬೋರ್ಡ್ ಹತ್ತಿರ ಬನ್ನಿ. ಇನ್ನೊಂದು ಮಾತು ಕಾಲೇಜಿಗೆ: ಫೆಸ್ಟಿನ ಒಂದು ರಾತ್ರಿಯ ಡಿಜೆ ಖರ್ಚಿನಲ್ಲಿ ಇಂಥ ಒಂದೆರಡು ಸೈಕಲ್ಲಾದರೂ ಬರುತ್ತವೆ, ಲೈಬ್ರರಿ ಪುಸ್ತಕದ ಹಾಗೆ ಕಾರ್ಡ್ ಮೇಲೆ ಕೊಡಿ. ಸಂಕ್ರಾಂತಿ ಆದ ಮೇಲಿನ ಶನಿವಾರ ಮತ್ತೆ ಹಳ್ಳಿಖೇಡಕ್ಕೆ ಹೋಗ್ತಿದ್ದೀವಿ, ಕಣ ಖಾಲಿ ಇರುತ್ತೆ ಅಂತ ಅಜ್ಜ ಹೇಳಿದ್ದಾನೆ. ಹೆಸರು ಕೊಟ್ಟವರು ಏಳು ಜನ, ಸೈಕಲ್ ಇರೋದು ಎರಡು.