ಅಲಂಕಾರವೆಂದರೆ ಆಡಂಬರವೆ?

ಅಲಂಕಾರವು ಮೈಮೇಲಿನ ಒಡವೆ, ತೆಗೆದಿಟ್ಟರೆ ಮೈಗೇನೂ ಕೊರತೆಯಿಲ್ಲ ಎಂಬ ಮಾತು ಕಾವ್ಯಮೀಮಾಂಸೆಯಲ್ಲಿ ಹಳೆಯದು. ಕಟ್ಟಡಗಳ ವಿಷಯದಲ್ಲಿಯೂ ಹೀಗೆ ನಂಬುವವರು ಬಹುಮಂದಿ. ಮಾಸ್ಕೋ ನಗರದ ಬೊಲ್ಷೊಯ್ ರಂಗಮಂದಿರದ ಚರಿತ್ರೆಯನ್ನು ಅರಿತವರು ಮಾತ್ರ ಈ ಮಾತನ್ನು ಸುಲಭವಾಗಿ ಒಪ್ಪಲಾರರು.

1812ರ ಬೆಂಕಿಯಲ್ಲಿ ಬೆಂದ ಮಾಸ್ಕೋವನ್ನು ಮತ್ತೆ ಕಟ್ಟಿದವರಲ್ಲಿ ಒಸಿಪ್ ಬೋವೆ ಮುಖ್ಯನು. ಆಂದ್ರೇ ಮಿಖೈಲೋವನ ನಕ್ಷೆಯನ್ನು ಆಧರಿಸಿ ಅವನು ಕಟ್ಟಿದ ರಂಗಮಂದಿರವು 1825ರಲ್ಲಿ ತೆರೆಯಿತು. ಗ್ರೀಕ್ ದೇಗುಲವನ್ನು ನೆನಪಿಸುವ ಎಂಟು ಕಂಬಗಳ ಮುಖಮಂಟಪ. ಅದರ ಮೇಲೆ ನಾಲ್ಕು ಕುದುರೆಗಳ ರಥದಲ್ಲಿ ಕಲೆಗಳ ಅಧಿದೇವತೆ ಅಪೋಲೊ. 1853ರಲ್ಲಿ ಈ ಮಂದಿರವೂ ಬೆಂಕಿಗೆ ತುತ್ತಾಯಿತು. ಉಳಿದದ್ದು ಹೊರಗೋಡೆಗಳು, ಮುಂದಿನ ಕಂಬಗಳು. ಆಲ್ಬರ್ಟೊ ಕಾವೋಸನು ಅದನ್ನು ಪುನಃ ಕಟ್ಟಿ, ಎರಡನೆಯ ಅಲೆಕ್ಸಾಂಡರನ ಪಟ್ಟಾಭಿಷೇಕದ ವರ್ಷವಾದ 1856ರಲ್ಲಿ ಒಪ್ಪಿಸಿದನು.

ಕಾವೋಸನು ಸಭಾಂಗಣವನ್ನು ಒಂದು ವಾದ್ಯದಂತೆ ಕಲ್ಪಿಸಿದನು. ನಾದಕ್ಕೆ ಮಿಡಿಯಲೆಂದು ಮರದ ಹಲಗೆಗಳನ್ನು ಹೊದಿಸಿದನು. ಉಪ್ಪರಿಗೆಗಳ ಮೇಲೆ ಹೊಳೆಯುವ ಚಿನ್ನದ ಬಳ್ಳಿ ಹೂಗಳು ಕಲ್ಲಿನವಲ್ಲ; ಅರೆದ ಕಾಗದದ ಮುದ್ದೆಯಿಂದ ಎರಕಹೊಯ್ದವು. ಹಗುರವಾದ ಆ ವಸ್ತುವೂ ದನಿಗೆ ನೆರವಾಗುತ್ತಿತ್ತು. ನಮ್ಮ ಲಾಕ್ಷಣಿಕರ ಪರಿಭಾಷೆಯನ್ನು ಸ್ವಲ್ಪ ಹಿಗ್ಗಿಸಿ ಹೇಳುವುದಾದರೆ, ಇದು ನಿಜಾರ್ಥದ ಶಬ್ದಾಲಂಕಾರ! ಸೋವಿಯತ್ ಕಾಲದ ದುರಸ್ತಿಗಳಲ್ಲಿ ನೆಲದಡಿ ಕಾಂಕ್ರೀಟು ಸೇರಿತು, ಕಾಗದದ ಹೂವಿದ್ದ ಕೆಲವೆಡೆ ಗಾರೆ ಬಂದಿತು. ಕಣ್ಣಿಗೆ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. ಕಿವಿಗೆ ಮಾತ್ರ ನಷ್ಟವಾಯಿತು.

ಅರ್ಥಾಲಂಕಾರವೂ ಇಲ್ಲುಂಟು. ಛಾವಣಿಯ ಚಿತ್ರದಲ್ಲಿ ಅಪೋಲೊವಿನೊಡನೆ ಕಲಾದೇವಿಯರು ಒಂಬತ್ತು ಮಂದಿ. ಚಿತ್ರಕಾರ ಟಿಟೋವ್ ಅವರಲ್ಲಿ ಸ್ತೋತ್ರಗೀತೆಯ ದೇವಿ ಪಾಲಿಹಿಮ್ನಿಯಳನ್ನು ಬಿಟ್ಟು, ಪುರಾಣದಲ್ಲಿಲ್ಲದ ಚಿತ್ರಕಲೆಯ ದೇವಿಯ ಕೈಗೆ ಕುಂಚವಿತ್ತು ಕೂಡಿಸಿದ್ದಾನೆ. ತನ್ನ ಕಲೆಗೂ ದೇವಸಭೆಯಲ್ಲಿ ಒಂದು ಮಣೆ ಬೇಕೆಂಬ ಅವನ ಹಟ ಎಷ್ಟು ಸೊಗಸು!

ಇಷ್ಟೆಲ್ಲ ವೈಭವ ಯಾರಿಗಾಗಿ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದೇಶ ಕ್ಷಾಮದಲ್ಲಿ ನರಳುತ್ತಿದ್ದಾಗ, 1922ರ ಜನವರಿಯಲ್ಲಿ, ಇಲ್ಲಿನ ಸಂಗೀತನಾಟಕ ನೃತ್ಯಗಳನ್ನು ನಿಲ್ಲಿಸಬೇಕೆಂದು ಲೆನಿನ್ ಒತ್ತಾಯಿಸಿದರು. ಹಸಿದವರ ಪಕ್ಷದ ಆ ವಾದದಲ್ಲಿ ನ್ಯಾಯವಿತ್ತು. ಆದರೂ ಮಂದಿರ ಉಳಿಯಿತು. ಅದೇ ಡಿಸೆಂಬರ್ 30ರಂದು ಸೋವಿಯತ್ ಒಕ್ಕೂಟದ ಸ್ಥಾಪನೆಯನ್ನು ಸಾರಿದ್ದು ಈ ಚಿನ್ನದ ಹೂಗಳ ನಡುವೆಯೇ. ಅರಸನ ಎರಡು ತಲೆಯ ಹದ್ದಿನ ಸ್ಥಾನಕ್ಕೆ ಸುತ್ತಿಗೆ ಕುಡುಗೋಲು ಬಂದವು.

2005ರಿಂದ 2011ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಮರವೂ ಕಾಗದದ ಹೂಗಳೂ ಮರಳಿದವು. ಇದು ಉಚಿತವೇ ಆಯಿತು. ಜೊತೆಗೆ ಸುತ್ತಿಗೆ ಕುಡುಗೋಲು ಇಳಿದು ಹದ್ದು ಮತ್ತೆ ಏರಿತು. ಇದನ್ನು ಮೆಚ್ಚಲು ನನಗೆ ಮನಸ್ಸಿಲ್ಲ. ನಾದವನ್ನು ಮರಳಿ ತಂದುದು ಕಲೆಯ ಕೆಲಸ; ಲಾಂಛನವನ್ನು ಅಳಿಸಿದ್ದು ಅಧಿಕಾರದ ಕೆಲಸ. ಕಟ್ಟಡವು ಕಂಡ ಕಾಲವೆಲ್ಲವೂ ಅದರ ಪಾಠವೇ. ಒಪ್ಪದ ಸಾಲುಗಳನ್ನು ಹೊಡೆದುಹಾಕಿ ಗ್ರಂಥವನ್ನು ಶುದ್ಧಗೊಳಿಸಿದೆನೆನ್ನುವ ಸಂಪಾದಕನನ್ನು ನಾವು ಕ್ಷಮಿಸುವುದುಂಟೆ?