ಹಂಸವನ್ನು ಬಿಳಿಯಾಗಿಸಿದವರು

ಹೊರನಾಡಿನ ಕನ್ನಡ ತರಗತಿಗಳಲ್ಲಿ ತೂಗುಹಾಕುವ ವರ್ಣಮಾಲೆಯ ಪಟದಲ್ಲಿ ‘ಹ’ಕಾರಕ್ಕೆ ಹಂಸವಿದ್ದರೆ ಅದು ಬಹುಮಟ್ಟಿಗೆ ಒಂದೇ ಬಗೆಯದು: ಹಾಲಿನಂತೆ ಬಿಳುಪು, ನೀಳವಾಗಿ ಬಾಗಿದ ಕೊರಳು, ಕಿತ್ತಳೆ ಕೊಕ್ಕು. ಲಂಡನ್ನಿನಲ್ಲಿ ಬೆಳೆಯುವ ಮಗುವಿಗೆ ಅದು ಉದ್ಯಾನದ ಕೊಳದಲ್ಲಿ ಕಂಡ ಸ್ವಾನ್. ಭಾರತಕ್ಕೆ ಆ ಹಕ್ಕಿ ವಾಯವ್ಯದ ಅಂಚಿನಲ್ಲಿ ಎಂದೋ ಒಮ್ಮೆ ಕಾಣಿಸುವ ದಾರಿತಪ್ಪಿದ ಅತಿಥಿ. ಕರ್ನಾಟಕದ ಕೆರೆಗಳಿಗೆ ಅದು ಸೇರಿದ್ದೇ ಅಲ್ಲ. ಕನ್ನಡ ಕಲಿಸುತ್ತೇವೆಂದು ಹೊರಟವರು ಮಗುವಿನ ಕೈಗಿಟ್ಟದ್ದು ಇಂಗ್ಲೆಂಡಿನ ಹಕ್ಕಿಯನ್ನು, ಕನ್ನಡದ ಹೆಸರಿನಲ್ಲಿ.

ಕನ್ನಡದ ಕೆರೆಗಳಿಗೆ ನಿಜವಾಗಿ ಬರುವ ಹಕ್ಕಿ ಬೇರೆ. ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೂ ನಂಜನಗೂಡಿನ ಬಳಿಯ ಹದಿನಾರು ಕೆರೆಗೂ ಟಿಬೆಟ್, ಮಂಗೋಲಿಯಾ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. ಬೂದು ಮೈ, ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಎರಡು ಮೂರು ಕಿಲೋ ತೂಕ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದಲ್ಲಿ ಕಾಣಿಸಿಕೊಂಡ ದಾಖಲೆಗಳಿವೆ. ಹಿಮಾಲಯವನ್ನು ದಾಟುವಾಗ ಇವು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಉಪಗ್ರಹದ ನೆರವಿನಿಂದ ಅಳೆದಿದ್ದಾರೆ. ಇಷ್ಟು ದೂರ ಬಂದ ಮೇಲೆ ಅವು ಮಾಡುವುದು ತೀರ ಸಾಧಾರಣ ಕೆಲಸ: ಹಗಲು ಕೆರೆಯಲ್ಲಿ ದಣಿವಾರಿಸಿಕೊಂಡು ಸುತ್ತಲಿನ ಹೊಲಗಳಿಗಿಳಿದು ಹುಲ್ಲು, ಕಾಳು, ಎಳೆಚಿಗುರು ಮೇಯುವುದು. ಬೆಳೆ ಕಾಯುವ ರೈತನಿಗೆ ಅವು ಉಪದ್ರವವೂ ಹೌದು. ಸ್ವಾನ್ ಹೀಗೆ ಹೊಲದಲ್ಲಿ ಓಡಾಡುವುದು ಕಡಿಮೆ. ಹತ್ತು ಹನ್ನೆರಡು ಕಿಲೋ ತೂಗುವ ಆ ದೇಹಕ್ಕೆ ನೀರೇ ಆಸರೆ, ತಳದ ಸಸ್ಯಗಳನ್ನು ಕೀಳಲೆಂದೇ ಅದಕ್ಕೆ ಅಷ್ಟುದ್ದದ ಕತ್ತು.

ಹಾಗಾದರೆ ಹಂಸ ಯಾವುದು? ಪದವೇ ಸಾಕ್ಷಿ ನುಡಿಯುತ್ತದೆ. ಸಂಸ್ಕೃತದ ಹಂಸ, ಲ್ಯಾಟಿನ್ನಿನ ಅನ್ಸೆರ್, ಜರ್ಮನ್ನಿನ ಗಾನ್ಸ್, ಇಂಗ್ಲಿಷಿನ ಗೂಸ್, ಎಲ್ಲವೂ ಒಂದೇ ಬೇರಿನ ಕವಲುಗಳು. ನವೆಂಬರ್ 11ರ ಸಂತ ಮಾರ್ಟಿನ್ನನ ಹಬ್ಬಕ್ಕೆ ಜರ್ಮನಿಯ ಮನೆಗಳಲ್ಲಿ ಹುರಿದು ಬಡಿಸುವ ಹೆಬ್ಬಾತು ಹೆಸರಿನ ಮಟ್ಟಿಗೆ ಸರಸ್ವತಿಯ ವಾಹನದ ಖಾಸಾ ದಾಯಾದಿ! ಸ್ವಾನ್ ಎಂಬ ಪದದ ನಂಟಾದರೋ ‘ಸ್ವನ’ದೊಂದಿಗೆ, ಅಂದರೆ ಸದ್ದಿನೊಂದಿಗೆ, ಎಂಬುದು ಭಾಷಾವಿದರ ಸಾಮಾನ್ಯ ಅಭಿಪ್ರಾಯ. ಮಾಗಡಿಯ ಹಕ್ಕಿಯ ಶಾಸ್ತ್ರೀಯ ನಾಮ ಅನ್ಸೆರ್ ಇಂಡಿಕಸ್. ಬೇರುಗಳನ್ನು ನೋಡಿದರೆ ಅದರ ನೇರ ಕನ್ನಡ ‘ಭಾರತದ ಹಂಸ’ ಎಂದೇ. ಮಳೆಗಾಲದ ಮೊದಲಿಗೆ ಮಾನಸ ಸರೋವರಕ್ಕೆ ಹೊರಡುವ ಕಾಳಿದಾಸನ ರಾಜಹಂಸಗಳ ಉತ್ತರಾಭಿಮುಖ ಪಯಣವೂ ಟಿಬೆಟ್ಟಿನ ಸರೋವರಗಳಲ್ಲಿ ಮರಿಮಾಡುವ ಈ ಹೆಬ್ಬಾತಿಗೆ ಒಪ್ಪುವಂಥದು. ಡಚ್ ವಿದ್ವಾಂಸ ಫೋಗೆಲ್ ಭಾರತೀಯ ಸಾಹಿತ್ಯ ಮತ್ತು ಕಲೆಯ ಹೆಬ್ಬಾತಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದು, ಅವನ ಮರಣಾನಂತರ 1962ರಲ್ಲಿ ಪ್ರಕಟವಾದ ಅದರಲ್ಲಿ ಹಂಸವೆಂದರೆ ಹೆಬ್ಬಾತೇ ಎಂದು ವಾದಿಸಿದ. 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ಕೂಡ ಹಂಸಕ್ಕೆ ಮೊದಲು ಕೊಟ್ಟ ಅರ್ಥ ಗೂಸ್. ಸ್ವಾನ್ ಅದರ ನಂತರ.

ಅದೇ 1899ರಲ್ಲಿ ರವಿವರ್ಮ ದಮಯಂತಿಯ ಎದುರು ನೀಳಗೊರಳಿನ ಬಿಳಿಯ ಸ್ವಾನ್ ಅನ್ನು ನಿಲ್ಲಿಸಿದ. ನಿಘಂಟು ಕಪಾಟಿನಲ್ಲಿ ಉಳಿಯಿತು, ಚಿತ್ರ ಗೋಡೆಗೇರಿತು. ಗೆದ್ದದ್ದು ಯಾವುದೆಂದು ಹೇಳಬೇಕಾಗಿಲ್ಲ.

ಇಂಗ್ಲಿಷ್ ಕಲಿತವರಿಗೆ ಹೆಬ್ಬಾತು ಏಕೆ ಒಗ್ಗಲಿಲ್ಲ? ಆ ಭಾಷೆಯಲ್ಲಿ ಗೂಸ್ ಎಂದರೆ ಪೆದ್ದ ಎಂಬ ಅರ್ಥವೂ ಉಂಟು. ಬ್ರಹ್ಮನೂ ಸರಸ್ವತಿಯೂ ಪೆದ್ದನ ಮೇಲೆ ಕೂರುವುದು ಹೇಗೆ? ಸ್ವಾನ್‌ಗಾದರೋ ಕುಲೀನ ಪಟ್ಟ, ಅದೂ ಕೇವಲ ರೂಪದಿಂದ ಬಂದದ್ದಲ್ಲ. 1482ರ ಇಂಗ್ಲೆಂಡಿನ ಶಾಸನವೊಂದು, ವರ್ಷಕ್ಕೆ 5 ಮಾರ್ಕ್ ಹುಟ್ಟುವಳಿಯ ಸ್ವಂತ ಭೂಮಿ ಇಲ್ಲದವನು ಸ್ವಾನ್ ಸಾಕುವಂತಿಲ್ಲ ಎಂದು ವಿಧಿಸಿತ್ತು. ಇಂದಿಗೂ ಗುರುತು ಹಾಕದ ಸ್ವಾನ್‌ಗಳ ಮೇಲೆ ಅಲ್ಲಿನ ಅರಸೊತ್ತಿಗೆಗೆ ಹಕ್ಕಿದೆ. ಹೆಬ್ಬಾತು ಒಕ್ಕಲಿಗನ ಅಂಗಳದ ಹಕ್ಕಿ, ಊಟದ ಹಕ್ಕಿ. ಭೂಮಾಲೀಕರ ಈ ತರತಮವನ್ನೇ ಕನ್ನಡದ ವಿದ್ಯಾವಂತರು ಸೌಂದರ್ಯಪ್ರಜ್ಞೆ ಎಂದು ಒಪ್ಪಿಕೊಂಡರು.

ಎಲ್ಲ ಪಾಪವನ್ನೂ ಇಂಗ್ಲಿಷರ ತಲೆಗೆ ಕಟ್ಟುವುದು ಸುಲಭ, ಆದರೆ ಸುಳ್ಳು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಶುಭ್ರ ಹಂಸ ಇಲ್ಲಿಯದೇ ಕಲ್ಪನೆ. ಹೆಬ್ಬಾತಿನ ಕೊಕ್ಕಿನ ಹಲ್ಲುಗಳು ಹುಲ್ಲು ಕತ್ತರಿಸುತ್ತವೆ. ಹಾಲಿನ ಗೊಡವೆ ಅವಕ್ಕಿಲ್ಲ. ಆದರೆ ಬೇರ್ಪಡಿಸುವುದನ್ನೇ ವಿವೇಕವೆಂದು ಕರೆದ ಸಮಾಜದಲ್ಲಿ, ಯಾರು ಹಾಲು, ಯಾರು ನೀರು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತು? ಕಾಗೆಯನ್ನೂ ಕೊಕ್ಕರೆಯನ್ನೂ ಹಂಸದ ಎದುರು ನಿಲ್ಲಿಸಿ ಕೀಳಾಗಿಸಿದ ಸುಭಾಷಿತಗಳು ಹಕ್ಕಿಗಳ ಬಗೆಗಷ್ಟೇ ಮಾತಾಡಿದವು ಎಂದು ಮುಗ್ಧರೂ ನಂಬಲಾರರು. ಇಂಗ್ಲಿಷರ ಸ್ವಾನ್ ಬಂದಾಗ ಅದಕ್ಕೆ ಗೂಡು ಮೊದಲೇ ಸಿದ್ಧವಿತ್ತು. ಕಡಲಾಚೆಯಲ್ಲೂ ಮದುವೆಯ ಜಾಹೀರಾತಿನಲ್ಲಿ ಜಾತಿಯ ಜೊತೆಗೆ ಬೆಳ್ಳಗಿನ ಮೈಬಣ್ಣ ಕೇಳುವವರ ದೇವರಕೋಣೆಯಲ್ಲಿ ಬೂದು ಹಕ್ಕಿಗೆ ಜಾಗ ಸಿಗುವುದು ಕಷ್ಟವೇ.

ಕವಿಗಳು ಹಂಸವನ್ನು ಬಿಳಿಯೆಂದೇ ಹಾಡಿದರಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಹಂಸ ಎಂಬ ಹೆಸರು ಒಂದಕ್ಕಿಂತ ಹೆಚ್ಚು ನೀರುಹಕ್ಕಿಗಳನ್ನು ಒಳಗೊಂಡಿರಬಹುದು. ವಾಯವ್ಯದ ಕವಿಯೊಬ್ಬ ಸ್ವಾನ್ ಅನ್ನೇ ಕಂಡಿದ್ದರೂ ಇರಬಹುದು. ಅದಕ್ಕಾಗಿ ಮಾಗಡಿಯ ಹಕ್ಕಿಯಿಂದ ಆ ಹೆಸರನ್ನು ಕಸಿದುಕೊಳ್ಳಬೇಕಾಗಿರಲಿಲ್ಲ. ಹಳಗನ್ನಡ ಹಂಸವನ್ನು ‘ಅಂಚೆ’ ಎಂದು ತನ್ನದಾಗಿಸಿಕೊಂಡಿತ್ತು. ಹೊಯ್ಸಳ ಗುಡಿಗಳ ಗೋಡೆಯಲ್ಲಿ ಮಕರಗಳ ಜೊತೆ ಸಾಲಾಗಿ ನಡೆಯುವ ಹಂಸಗಳ ತುಂಬುಮೈ ನೋಡಿದವರಿಗೆ ಉದ್ಯಾನದ ಸ್ವಾನ್ ನೆನಪಾಗುವುದಿಲ್ಲ.

ಇದು ಬರಿಯ ಪದದ ಜಗಳವಲ್ಲ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ನೀರಿನ ಬಗ್ಗೆ, ಬೆಳೆ ಕಳೆದುಕೊಳ್ಳುವ ರೈತನ ಪರಿಹಾರದ ಬಗ್ಗೆ ಹೊರನಾಡಿನ ಕನ್ನಡ ವೇದಿಕೆಗಳು ಮಾತಾಡಿದ್ದು ವಿರಳ. ಬಿಳಿಯ ಹಂಸದ ವೇದಿಕೆ ಅಲಂಕಾರಕ್ಕೆ ಮಾತ್ರ ಹಣದ ಕೊರತೆ ಬಂದಂತಿಲ್ಲ. ಕನ್ನಡ ತರಗತಿ ನಡೆಸುವವರು ಮುಂದಿನ ಪಟ ಅಚ್ಚುಹಾಕಿಸುವಾಗ ‘ಹ’ಕಾರದ ಮನೆಗೆ ಬೂದು ಮೈಯ, ತಲೆಯ ಮೇಲೆ ಎರಡು ಪಟ್ಟೆಯ ಆ ಹಕ್ಕಿಯನ್ನು ಕರೆತರಲಿ. ಕೆಳಗೆ ಹಂಸ ಎಂದೇ ಬರೆಯಲಿ.