ಓಟಿಲ್ಲದ ರಾಜ್ಯದ ರಿಸಲ್ಟ್ ಬಾಯಿಪಾಠ, ಓಟಿರುವ ವಾರ್ಡಿನ ಮೆಂಬರ್ ಯಾರಂತಲೇ ಗೊತ್ತಿಲ್ಲ!

2023ರ ಮೇ ತಿಂಗಳು ನೆನಪಿದೆಯಾ ಗೆಳೆಯರೇ? 10ನೇ ತಾರೀಕು ಕರ್ನಾಟಕ ವಿಧಾನಸಭೆಗೆ ಮತದಾನ, 13ಕ್ಕೆ ಎಣಿಕೆ. ಮಂಜೇಶ್ವರದಿಂದ ಅಕ್ಕಲಕೋಟೆವರೆಗೆ, ತಾಳವಾಡಿಯಿಂದ ಮಡಕಶಿರಾವರೆಗೆ ನಮ್ಮ ಹುಡುಗರು ಹುಡುಗಿಯರೆಲ್ಲ ಬೆಳಗ್ಗೆಯಿಂದ ಮೊಬೈಲಿಗೆ ಅಂಟಿಕೊಂಡಿದ್ದರು. ವರುಣಾದಲ್ಲಿ ಎಷ್ಟು ಲೀಡು, ಕನಕಪುರದಲ್ಲಿ ಎಷ್ಟು ಲೀಡು, ಎಲ್ಲ ಬಾಯಿಪಾಠ. ಕನ್ನಡದ ಮೇಲಿನ ಅಭಿಮಾನ ಅದು, ತಪ್ಪಲ್ಲ. ಆದರೆ ಆ 224 ಕ್ಷೇತ್ರಗಳಲ್ಲಿ ಒಂದರಲ್ಲೂ ನಮಗೆ ಓಟಿಲ್ಲ. ಓಟಿರುವ ನಮ್ಮದೇ ವಾರ್ಡಿನ ಮೆಂಬರ್ ಯಾರು ಅಂತ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತೇವೆ.

ಅದೇ ತಿಂಗಳ 4ನೇ ತಾರೀಕು ಇಂಗ್ಲೆಂಡಿನಲ್ಲೂ ಸ್ಥಳೀಯ ಚುನಾವಣೆ ನಡೆದಿತ್ತು. ಅದರಲ್ಲಿ ಒಂದು ಕೌನ್ಸಿಲಿನ ರಿಸಲ್ಟ್ ನಾವು ನೋಡಲೇಬೇಕಾದದ್ದು. ಆ ಊರಿನ ಹೆಸರು ಮಿಡ್ ಸಫೋಕ್.

ಡಿಸ್ಟ್ರಿಕ್ಟ್ ಕೌನ್ಸಿಲ್ ಅಂದ ತಕ್ಷಣ ನಮ್ಮ ಜಿಲ್ಲೆಯಷ್ಟು ದೊಡ್ಡದು ಅಂದ್ಕೋಬೇಡಿ. ಅಲ್ಲಿ ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂಗೆ, ಡಿಸ್ಟ್ರಿಕ್ಟ್ ಅಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು. ಮಿಡ್ ಸಫೋಕ್‌ನ ಜನಸಂಖ್ಯೆ ಸುಮಾರು 1 ಲಕ್ಷ. ನಮ್ಮ ಜತ್ತ ತಾಲೂಕಿನಲ್ಲೇ 2011ರಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಹೊಲ, ಸಣ್ಣ ಹಳ್ಳಿ, ಸ್ಟೋಮಾರ್ಕೆಟ್‌ನಂಥ ಒಂದೆರಡು ಸಣ್ಣ ಪೇಟೆ, ಇಷ್ಟೇ ಆ ಸೀಮೆ. ಕನ್ಸರ್ವೇಟಿವ್ ಪಕ್ಷದ ಗಟ್ಟಿ ನೆಲ ಅಂತ ಹೆಸರಾಗಿದ್ದದ್ದು.

ಈಗ ಲೆಕ್ಕ ನೋಡಿ. 2015ರಲ್ಲಿ ಅಲ್ಲಿ 40 ಸೀಟು: ಕನ್ಸರ್ವೇಟಿವ್ 29, ಗ್ರೀನ್ ಪಾರ್ಟಿ 5. 2019ರ ಹೊತ್ತಿಗೆ ಸೀಟು 34ಕ್ಕೆ ಇಳಿದಿತ್ತು: ಕನ್ಸರ್ವೇಟಿವ್ 16, ಗ್ರೀನ್ 12. 2023ರಲ್ಲಿ ಗ್ರೀನ್ 24, ಕನ್ಸರ್ವೇಟಿವ್ 6, ಲಿಬರಲ್ ಡೆಮಾಕ್ರಟ್ 4. ಬ್ರಿಟನ್ನಿನಲ್ಲಿ ಗ್ರೀನ್ ಪಾರ್ಟಿಗೆ ಒಂದು ಕೌನ್ಸಿಲಿನಲ್ಲಿ ಸ್ವಂತ ಬಹುಮತ ಸಿಕ್ಕಿದ್ದು ಅದೇ ಮೊದಲು.

ಆಗ ಆ ಪಕ್ಷಕ್ಕೆ ಇಡೀ ಬ್ರಿಟನ್ ಪಾರ್ಲಿಮೆಂಟಿನಲ್ಲಿ ಎಷ್ಟು ಎಂಪಿ ಇದ್ದರು? ಒಬ್ಬರು! 650ರಲ್ಲಿ ಒಬ್ಬರು. 2019ರ ಮಹಾಚುನಾವಣೆಯಲ್ಲಿ ಬಿದ್ದ ಓಟು ಶೇ. 3ಕ್ಕಿಂತ ಕಡಿಮೆ. ಅಂಥ ಪಕ್ಷ ಒಂದು ತಾಲೂಕನ್ನ ಪೂರ್ತಿ ಕೈಗೆ ತಗೊಂಡಿತು.

"ಅಲೆ ಇತ್ತು ಬಿಡ್ರಿ, ಆಡಳಿತ ಪಕ್ಷದ ಮೇಲಿನ ಸಿಟ್ಟು" ಅಂತ ಕೆಲವರು ಹೇಳ್ತಾರೆ. ಸಿಟ್ಟಂತೂ ಇತ್ತು, ಆ ದಿನ ಕನ್ಸರ್ವೇಟಿವ್ ಪಕ್ಷ ಇಂಗ್ಲೆಂಡಿನ ತುಂಬ ಸಾವಿರಕ್ಕೂ ಹೆಚ್ಚು ಸೀಟು ಕಳ್ಕೊಂಡಿತು. ಆದರೆ ಬೇರೆ ಕಡೆ ಆ ಸಿಟ್ಟಿನ ಲಾಭ ಹೆಚ್ಚಾಗಿ ಲೇಬರ್‌ಗೆ, ಲಿಬರಲ್ ಡೆಮಾಕ್ರಟರಿಗೆ ಹೋಯಿತು. ಮಿಡ್ ಸಫೋಕ್‌ನಲ್ಲಿ ಯಾಕೆ ಗ್ರೀನ್‌ಗೆ ಹೋಯಿತು? 5, ಆಮೇಲೆ 12, ಆಮೇಲೆ 24. ಇದು ಒಂದೇ ದಿನದ ಅಲೆ ಅಲ್ಲ, ಮೆಟ್ಟಿಲು. ಆ ಪಕ್ಷದವರು ತಮ್ಮ ದಾರಿಗೆ 'ಟಾರ್ಗೆಟ್ ಟು ವಿನ್' ಅಂತಾರೆ. ಎಲ್ಲ ಕಡೆ ಕೈ ಹಾಕಿ ಎಲ್ಲ ಕಡೆ ಸೋಲಬೇಡಿ. ಒಂದು ವಾರ್ಡು ಹಿಡೀರಿ, ಮನೆಮನೆ ಬಾಗಿಲು ತಟ್ಟಿ, ರಸ್ತೆಯ ಗುಂಡಿಯಿಂದ ಬಸ್ಸಿನ ಟೈಮಿನವರೆಗೆ ಜನರ ದೂರು ಕೇಳಿ, ಗೆಲ್ಲಿ, ಗೆದ್ದವನು ಕೆಲಸ ಮಾಡಿ ತೋರಿಸಲಿ, ಆಮೇಲೆ ಪಕ್ಕದ ವಾರ್ಡು. ಅಷ್ಟೇ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಕಾಲು ಮತ್ತು ತಾಳ್ಮೆ.

ಇನ್ನೊಂದು ಲೆಕ್ಕ ಕೇಳಿ, ಇದು ನೇರ ನಮಗೇ ಸಂಬಂಧಿಸಿದ್ದು. ಅಲ್ಲೂ ನಮ್ಮಂಗೇ, ಹೆಚ್ಚು ಓಟು ತಗೊಂಡವನೇ ಗೆದ್ದಂಗೆ. ಅದೇ 2019ರ ಮಹಾಚುನಾವಣೆಯಲ್ಲಿ ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಪಕ್ಷಕ್ಕೆ ಇಡೀ ಬ್ರಿಟನ್ನಿನ ಶೇ. 3.9 ಓಟು, ಸೀಟು 48. ಗ್ರೀನ್‌ಗೆ ಶೇ. 2.7 ಓಟು, ಸೀಟು 1. ಓಟಿನ ವ್ಯತ್ಯಾಸ ಎಷ್ಟು, ಸೀಟಿನ ವ್ಯತ್ಯಾಸ ಎಷ್ಟು! ಕಾರಣ ಒಂದೇ. ಎಸ್‌ಎನ್‌ಪಿಯ ಓಟು ಒಂದೇ ನೆಲದಲ್ಲಿ ಸೇರಿತ್ತು, ಗ್ರೀನ್ ಓಟು ದೇಶದ ತುಂಬ ಚೆಲ್ಲಿತ್ತು. ಗುಂಪಾಗಿರುವ ಅಲ್ಪಸಂಖ್ಯಾತರು ಗೆಲ್ಲುತ್ತಾರೆ, ಚದುರಿದವರು ಸೋಲುತ್ತಾರೆ.

ಈಗ ನಮ್ಮನ್ನ ನಾವೇ ಕೇಳ್ಕೊಳ್ಳೋಣ. ಮಹಾರಾಷ್ಟ್ರದ ಒಟ್ಟು ಲೆಕ್ಕದಲ್ಲಿ ಕನ್ನಡಿಗರು ಹಿಡಿಯಷ್ಟು. ಆದರೆ ಉಮದಿ, ಸಂಖದ ಕಡೆ? ಕೇರಳದ ಲೆಕ್ಕದಲ್ಲಿ ನಾವು ಲೆಕ್ಕಕ್ಕೇ ಇಲ್ಲ. ಆದರೆ ಪೈವಳಿಕೆ, ಎಣ್ಮಕಜೆ, ವರ್ಕಾಡಿಯಲ್ಲಿ? ಅಲ್ಲಿ ಮನೆಯೊಳಗೆ ತುಳು, ಹವ್ಯಕ, ಬ್ಯಾರಿ, ಕೊಂಕಣಿ ಯಾವುದೇ ಆಡಲಿ, ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ ಅನ್ನುವವರು ಎಷ್ಟು ಮನೆ ಇಲ್ಲ? ನಾವು ಗುಂಪಾಗಿ ಇರುವವರು. ಇದು ನಮ್ಮ ಬಲ. ಆದರೆ ನಾವು ವರ್ತಿಸೋದು ಚದುರಿದವರ ಹಾಗೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ ಮರುವರ್ಷವೇ, 1957ರಲ್ಲಿ, ಮಂಜೇಶ್ವರದಿಂದ ಉಮೇಶ ರಾವ್ ಅವಿರೋಧವಾಗಿ ಕೇರಳ ವಿಧಾನಸಭೆಗೆ ಹೋದರು. ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿ ಅಲ್ಲಿಂದಲೇ ಗೆದ್ದರು. ರಾಜ್ಯ ಕೈಬಿಟ್ಟರೂ ಓಟು ಕೈಯಲ್ಲಿದೆ ಅಂತ ತಿಳಿದ ತಲೆಮಾರು ಅದು.

ಈಗ ಕಿವಿಗೊಟ್ಟು ಕೇಳಬೇಕಾದ ಮಾತು. ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್ ಕೈಯಲ್ಲಿ ಏನಿದೆ ಗೊತ್ತಾ? ಕಸ ಎತ್ತೋದು, ಮನೆ ಕಟ್ಟೋಕೆ ಪರವಾನಗಿ ಕೊಡೋದು, ವಸತಿ ವ್ಯವಸ್ಥೆ, ತೆರಿಗೆ ವಸೂಲಿ. ಶಾಲೆ ಇಲ್ಲ! ಶಾಲೆ ಮೇಲಿನ ಕೌಂಟಿಗೆ ಸೇರಿದ್ದು. ಶಾಲೆಯ ಅಧಿಕಾರವೇ ಇಲ್ಲದ ಕೌನ್ಸಿಲಿಗಾಗಿ ಆ ಜನ ವರ್ಷಗಟ್ಟಲೆ ಬಾಗಿಲು ತಟ್ಟಿದರು.

ನಮ್ಮಲ್ಲಿ? ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಪ್ರಾಥಮಿಕ ಶಾಲೆಗಳನ್ನ ನಡೆಸೋದು ಜಿಲ್ಲಾ ಪರಿಷತ್ತು. ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಹೊಣೆ ಗ್ರಾಮ ಪಂಚಾಯಿತಿಗೆ, ಹೈಸ್ಕೂಲಿನದು ಜಿಲ್ಲಾ ಪಂಚಾಯಿತಿಗೆ. ಸಂವಿಧಾನದ 350ಎ ವಿಧಿ ಸುಮ್ಮನೆ ರಾಜ್ಯ ಅನ್ನಲಿಲ್ಲ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡೋದು ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಯ ಕೆಲಸ ಅಂತ ಹೇಳುತ್ತೆ. ಸೋರುವ ಮಾಡು, ಇಲ್ಲದ ಶೌಚಾಲಯ, ತಡವಾಗಿ ಬರುವ ಪುಸ್ತಕ, ಕನ್ನಡ ಬಾರದ ಮೇಷ್ಟ್ರು, ಇವೆಲ್ಲದರ ಬಗ್ಗೆ ಮೊದಲು ಬಾಯಿ ಬಿಡಬೇಕಾದ ಖುರ್ಚಿ ಅದು. ಅಂಥ ಖುರ್ಚಿಯ ಚುನಾವಣೆಗೆ ನಾವು "ಪಂಚಾಯ್ತಿ ಎಲೆಕ್ಷನ್ ತಾನೆ" ಅಂತೀವಿ. ಶಾಲೆ ಮುಚ್ಚಿದ ದಿನ ಮಾತ್ರ ಬೆಂಗಳೂರಿನ ಕಡೆ ತಿರುಗಿ ಪೋಸ್ಟ್ ಹಾಕ್ತೀವಿ. ಬೆಂಗಳೂರಿನಲ್ಲಿ ನಮಗೆ ಮರುಕ ಸಿಗಬಹುದು. ಆ ಶಾಲೆಯ ಬೀಗದ ಕೈ ಅಲ್ಲಿಲ್ಲ.

"ಠರಾವು ಮಾಡಿದ್ರ ಏನಾಗ್ತೈತ್ರಿ, ಕಾಗದ ಅಷ್ಟ" ಅನ್ನುವವರಿಗೆ ಜತ್ತವೇ ಉತ್ತರ. ನೀರಿಲ್ಲ ಅಂತ ಬೇಸತ್ತ ಅಲ್ಲಿನ ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರ್ತೀವಿ ಅಂತ ಹಿಂದೆ ಠರಾವು ಮಾಡಿದ್ದವು. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಹಳೆ ಠರಾವಿನ ಮಾತೆತ್ತಿದ್ದೇ ತಡ, ಬಿಸಿ ಮುಂಬೈಗೆ ಮುಟ್ಟಿತು. ಮ್ಹೈಸಾಳದ ವಿಸ್ತರಿತ ನೀರಾವರಿ ಯೋಜನೆಗೆ ಸರಕಾರ ಓಡೋಡಿ ಬಂತು. ಹಳ್ಳಿಯ ಕಾಗದ ಎರಡು ರಾಜ್ಯಗಳ ನಿದ್ದೆ ಕೆಡಿಸಿತು.

"ಹಾಗಾದರೆ ಕನ್ನಡ ಪಾರ್ಟಿ ಕಟ್ಟಬೇಕಾ?" ಅಂತ ಕೇಳಬಹುದು. ಅದಲ್ಲ ವಿಷಯ. ಮಹಾರಾಷ್ಟ್ರ, ತಮಿಳುನಾಡಿನ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯೋದೇ ಇಲ್ಲ. ಕೇರಳದಲ್ಲಿ ಪಕ್ಷದ ಮೇಲೆಯೇ ನಡೆಯುತ್ತೆ. ನೀವು ಯಾವ ಪಕ್ಷದಲ್ಲಾದರೂ ಇರಿ. ಓಟು ಕೇಳೋಕೆ ಬಂದ ಪ್ರತಿಯೊಬ್ಬರಿಂದಲೂ ಕನ್ನಡ ಶಾಲೆಯ ಬಗ್ಗೆ ಒಂದು ಮಾತು ಬರೆಸಿಕೊಳ್ಳಿ. ಬರೆದು ಕೊಡದವರಿಗೆ ಕೈಮುಗಿದು ಕಳಿಸಿ. ಒಂದು ಓಣಿ ಒಗ್ಗಟ್ಟಾಗಿ ಹೀಗೆ ಕೇಳಿದರೆ ಎಲ್ಲ ಪಕ್ಷದವರೂ ಕನ್ನಡದಲ್ಲೇ ಕರಪತ್ರ ಅಚ್ಚು ಹಾಕಿಸ್ತಾರೆ, ನೋಡ್ತಾ ಇರಿ.

ಇನ್ನು ಗೆದ್ದಮೇಲೆ ಎಲ್ಲ ಸುಖ ಅಂತಲೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರಕಾರ ಒಂದು ಶ್ವೇತಪತ್ರ ತಂದಿತು: ಕೌಂಟಿ, ಡಿಸ್ಟ್ರಿಕ್ಟ್ ಎಂಬ ಎರಡು ಹಂತ ಬೇಡ, ಎಲ್ಲ ಸೇರಿಸಿ ದೊಡ್ಡ ಕೌನ್ಸಿಲ್ ಮಾಡೋಣ ಅಂತ. ಮಿಡ್ ಸಫೋಕ್ ಕೌನ್ಸಿಲೂ ಆ ಲೆಕ್ಕದಲ್ಲಿ ಹೋಗುವಂಥದ್ದೇ. ದೂರದ ಕಚೇರಿಯಲ್ಲಿ ಕೂತವರು ನಕ್ಷೆ ಮೇಲೆ ಗೆರೆ ಎಳೆಯೋದು ಏನಂತ 1956 ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇದೇ ಕಾರಣ ಹೇಳಿ 2025ರ ಸಫೋಕ್ ಕೌಂಟಿ ಚುನಾವಣೆಯನ್ನ ಒಂದು ವರ್ಷ ಮುಂದೂಡಿದಾಗ ಅಲ್ಲಿ ವಿರೋಧ ಎದ್ದಿತು. ನಮ್ಮ ಸೊಲ್ಲಾಪುರ, ಸಾಂಗಲಿ ಜಿಲ್ಲಾ ಪರಿಷತ್ತುಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳೇ ನಡೆಸಿದರು. ನಮ್ಮ ಕಡೆಯಿಂದ ಎಷ್ಟು ದನಿ ಎದ್ದಿತು? ಕನ್ನಡ ಶಾಲೆ ನಡೆಸುವ ಸಭೆಯಲ್ಲಿ ನಮ್ಮವರು ಒಬ್ಬರೂ ಕೂರದೆ ಮೂರು ವರ್ಷ ಕಳೆಯಿತು, ನಾವು ಸ್ಟೇಟಸ್ ಹಾಕ್ತಾ ಇದ್ದೆವು.

ಆದರೆ ಆ ಗ್ರೀನ್‌ಗಳ ಗಳಿಕೆ ಕೌನ್ಸಿಲ್ ಜೊತೆಗೇ ಅಳಿಸಿಹೋಗೋದಿಲ್ಲ. ಬಾಗಿಲು ತಟ್ಟಿ ಮಾಡಿಕೊಂಡ ಪರಿಚಯ ಉಳಿಯುತ್ತೆ. 2024ರ ಮಹಾಚುನಾವಣೆಯಲ್ಲಿ ಮಿಡ್ ಸಫೋಕ್‌ನ ಒಂದು ಭಾಗ ಸೇರಿದ ವೇವ್ನಿ ವ್ಯಾಲಿ ಎಂಬ ಹೊಸ ಕ್ಷೇತ್ರದಿಂದ ಗ್ರೀನ್ ಪಾರ್ಟಿಯ ಏಡ್ರಿಯನ್ ರಾಮ್ಸೆ ಎಂಪಿಯಾದರು. ಆ ಕ್ಷೇತ್ರ ಎಲ್ಲಿದೆ ಗೊತ್ತಾ? ಸಫೋಕ್, ನಾರ್ಫೋಕ್ ಎರಡು ಕೌಂಟಿಗಳ ಗಡಿಯ ಮೇಲೆ! ಒಂದಿದ್ದ ಎಂಪಿ ಸ್ಥಾನ ಆ ವರ್ಷ ನಾಲ್ಕಾಯಿತು. ವಾರ್ಡಿನಿಂದ ಕೌನ್ಸಿಲಿಗೆ, ಕೌನ್ಸಿಲಿನಿಂದ ಪಾರ್ಲಿಮೆಂಟಿಗೆ.

ಒಂದು ವಿಚಿತ್ರ ಹೇಳ್ತೀನಿ. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸಿಸುತ್ತಿದ್ದರೆ ಅಲ್ಲಿನ ಚುನಾವಣೆಯಲ್ಲಿ ಓಟು ಹಾಕಬಹುದು, ಅಲ್ಲಿನ ಪೌರತ್ವ ಬೇಕಿಲ್ಲ. ಅಂದರೆ ಅಕ್ಕಲಕೋಟೆಯಿಂದ ಕೆಲಸದ ವೀಸಾ ಮೇಲೆ ಹೋದ ಹುಡುಗಿ ಹೆಸರು ನೋಂದಾಯಿಸಿ ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲನ್ನ ಆರಿಸಬಹುದು. ಕಲಬುರಗಿ ಮೂಲದ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನ ಮೇಯರೇ ಆಗಿದ್ದರು. ಅದೇ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆ ಮೇಲೆ, 2015ರಲ್ಲಿ ಬಸವಣ್ಣನ ಪ್ರತಿಮೆ ನಿಂತಿತು. ಪರದೇಶದ ಕೌನ್ಸಿಲಿನಲ್ಲಿ ಕೂತು ಕನ್ನಡಿಗ ಕೆಲಸ ಮಾಡಿಸಬಲ್ಲ. ಸ್ವಂತ ಊರಿನ ಪಂಚಾಯಿತಿಯಲ್ಲಿ ಆಗಲ್ಲ ಅಂದರೆ ನಂಬೋದು ಹೇಗೆ?

ಮುಂದಿನ ಪೋಸ್ಟಿಗೆ ಲೈಕ್ ಒತ್ತುವ ಮೊದಲು ನಾಲ್ಕು ಕೆಲಸ ಮಾಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಊರಿನಲ್ಲೇ ಇದೆಯಾ ನೋಡಿ. ವಾರ್ಡಿನ ಮೆಂಬರ್ ಹೆಸರು, ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಗೆ ಐದು ಜನ ಹೋಗಿ, ಕನ್ನಡ ಶಾಲೆಯ ಒಂದೇ ಒಂದು ಬೇಡಿಕೆ ಇಟ್ಟು ನಡಾವಳಿಯಲ್ಲಿ ಬರೆಸಿ ಬನ್ನಿ. ಊರಿನಲ್ಲಿ ಎಲ್ಲರ ಮನೆಗೆ ಹೋಗಿಬರುವ, ಕೆಲಸ ಬಲ್ಲ ಅಕ್ಕನನ್ನೋ ಅಣ್ಣನನ್ನೋ ಈಗಲೇ ಗುರುತಿಸಿ, ಬರುವ ಸಲ ನಿಲ್ಲಿಸಿ.

ಒಂದು ವಾರ್ಡು. ಅಲ್ಲಿಂದ ಶುರು ಮಾಡಿ.